ಮಾರ್ಫಿನ್ ಮನೆಗೆ ಬಂದ ಮೇಲೆ: ಬಲವಾದ ನೋವಿನ ಮಾತ್ರೆ ಕೊಡುವ ಕ್ರಮ, ಇಡುವ ಎಚ್ಚರ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿ ಮನೆಗಳಲ್ಲಿ ಕ್ಯಾನ್ಸರ್ ರೋಗಿಗೆ ಡಾಕ್ಟರು ಮಾರ್ಫಿನ್ ಬರೆದ ದಿನ ಎರಡು ಮಾತು ಕೇಳಿಬರುತ್ತವೆ. ‘ಇದು ಕೊನೇ ಔಷಧಿಯಂತೆ’ ಎಂಬುದು ಒಂದು, ‘ಚಟ ಹತ್ತುತ್ತದಂತೆ’ ಎಂಬುದು ಇನ್ನೊಂದು. ಈ ಮಾತು ಕೇಳಿದ ಮನೆಯವರು ತಡೆಯಲಾಗದಷ್ಟು ನೋವು ಬಂದಾಗ ಮಾತ್ರ ಒಂದು ಮಾತ್ರೆ ಕೊಡುತ್ತಾರೆ, ಉಳಿದ ಹೊತ್ತು ರೋಗಿ ಹಲ್ಲು ಕಚ್ಚಿಕೊಂಡು ಇರಬೇಕು. ಅದೇ ಮನೆಯಲ್ಲಿ ಮಂಡಿನೋವಿಗೆಂದು ಮೆಡಿಕಲ್‌ನಿಂದ ತಂದ ಟ್ರಮಡಾಲ್ ಸ್ಟ್ರಿಪ್ಪು ಅಡುಗೆಮನೆಯ ಗೂಡಿನಲ್ಲಿ ಬಿದ್ದಿರುತ್ತದೆ. ರಾತ್ರಿ ನಿದ್ರೆ ಮಾತ್ರೆಯ ಜೊತೆ ಅದನ್ನೂ ನುಂಗಲು ಯಾರಿಗೂ ಭಯವಿಲ್ಲ. ನಮ್ಮ ಲೆಕ್ಕದಲ್ಲಿ ಈ ಎರಡನೆಯದೇ ಹೆಚ್ಚು ಅಪಾಯದ್ದು. ಬರೆದುಕೊಟ್ಟ ಪ್ರಮಾಣ, ಗಡಿಯಾರದ ಹೊತ್ತು, ಹೊಟ್ಟೆ ಕಟ್ಟದಂತೆ ನೋಡಿಕೊಳ್ಳುವುದು, ಬೀಗ ಇವಿಷ್ಟು ಸರಿಯಿದ್ದರೆ ಮಾರ್ಫಿನ್ ಮನೆಯಲ್ಲೇ ಕೊಡಬಹುದಾದ ಔಷಧಿ.

ಒಂದು ಮಾತು ಮೊದಲೇ. ಕೆಳಗೆ ಬರುವ ಮಿಲಿಗ್ರಾಂ ಲೆಕ್ಕಗಳು ಚೀಟಿಯಲ್ಲಿ ಬರೆದದ್ದು ಅರ್ಥವಾಗಲಿ, ತಪ್ಪು ಕಣ್ಣಿಗೆ ಬೀಳಲಿ ಎಂದು ಕೊಟ್ಟವು. ಪ್ರಮಾಣ ನಿರ್ಧರಿಸುವುದು, ಏರಿಸುವುದು, ಇಳಿಸುವುದು ಡಾಕ್ಟರೇ.

ಯಾವ ನೋವಿಗೆ, ಯಾವುದಕ್ಕಲ್ಲ

ಈ ಗುಂಪಿನ ಔಷಧಿಗಳಿಗೆಲ್ಲ ಒಪಿಯಾಯ್ಡ್ ಎಂಬ ಒಂದೇ ಹೆಸರು. ಕಡಿಮೆ ಬಲದ ಕೋಡೀನ್, ಟ್ರಮಡಾಲ್, ಟಪೆಂಟಡಾಲ್ ಒಂದು ಕಡೆ. ಹೆಚ್ಚು ಬಲದ ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಇನ್ನೊಂದು ಕಡೆ. ಬ್ಯುಪ್ರೆನಾರ್ಫಿನ್ ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಗಿಯೂ ಸಿಗುತ್ತದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮುಖ್ಯ ಔಷಧಿಯೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಿಂದಲೇ ಹೇಳುತ್ತ ಬಂದಿದೆ. ದೊಡ್ಡ ಆಪರೇಷನ್ ಆದ ಮೊದಲ ಕೆಲವು ದಿನ, ಸುಟ್ಟ ಗಾಯ, ಅಡಿಕೆ ಮರದಿಂದ ಬಿದ್ದು ಮೂಳೆ ಮುರಿದಾಗ, ಕೊನೆಯ ಹಂತದ ಉಬ್ಬಸ ಇವಕ್ಕೂ ಇವು ಬೇಕಾಗುತ್ತವೆ. ಮೂಳೆ ಮುರಿದವರಿಗೆ ಮೂರರಿಂದ ಐದು ದಿನಕ್ಕೆ ಬರೆದ ಮಾತ್ರೆಯನ್ನು ತಿಂಗಳಾದರೂ ಮುಂದುವರಿಸಿದ್ದರೆ ಅಲ್ಲಿ ಏನೋ ತಪ್ಪಿದೆ.

ಸೊಂಟನೋವು, ಮಂಡಿ ಸವೆತ, ತಲೆನೋವಿಗೆ ಇವು ಒಳ್ಳೆಯ ಆಯ್ಕೆಯಲ್ಲ. ಹೊಸದಾಗಿ ಶುರುವಾದ ಸೊಂಟ, ಕುತ್ತಿಗೆ ನೋವಿಗೆ ಒಪಿಯಾಯ್ಡ್ ಕೊಟ್ಟವರಿಗೂ ಔಷಧಿಯೇ ಇಲ್ಲದ ಬರೀ ಮಾತ್ರೆ ಕೊಟ್ಟವರಿಗೂ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ ಎಂದು ಆಸ್ಟ್ರೇಲಿಯಾದ ಒಂದು ಅಧ್ಯಯನ 2023ರಲ್ಲಿ ತೋರಿಸಿತು. ಕಾಲಿನಲ್ಲಿ ಕರೆಂಟ್ ಹೊಡೆದಂತಾಗುವುದು, ಉರಿ, ಜೋಮು ಇವು ನರದ ನೋವು. ಇದಕ್ಕೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಥರದವು ಹೆಚ್ಚು ಹಿಡಿಯುತ್ತವೆ. ಹಾಗಾಗಿ ಡಾಕ್ಟರ ಹತ್ತಿರ ಬರೀ ‘ನೋವು’ ಎನ್ನಬೇಡಿ. ಎಲ್ಲಿ, ಹೇಗೆ, ಯಾವಾಗ ಹೆಚ್ಚು ಎಂಬುದನ್ನೂ ಹೇಳಿ.

ಸಿಗುವುದು ಎಲ್ಲಿ

ಮಾರ್ಫಿನ್ ಊರಿನ ಮೆಡಿಕಲ್‌ನಲ್ಲಿ ಸಿಗುವುದಿಲ್ಲ, ಹುಡುಕಿ ಅಲೆಯಬೇಡಿ. 1985ರ ಮಾದಕ ವಸ್ತು ಕಾಯ್ದೆಯ ಕೆಳಗೆ ರಾಜ್ಯಕ್ಕೊಂದು ನಿಯಮ, ಹಲವು ಲೈಸೆನ್ಸುಗಳ ತೊಡಕಿತ್ತು. 2014ರ ತಿದ್ದುಪಡಿ ಮಾರ್ಫಿನ್, ಫೆಂಟಾನಿಲ್, ಮೆಥಡೋನ್, ಕೋಡೀನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಈ ಆರನ್ನು ಅಗತ್ಯ ಮಾದಕ ಔಷಧಗಳೆಂದು ಬೇರ್ಪಡಿಸಿ, ಮಾನ್ಯತೆ ಪಡೆದ ಆಸ್ಪತ್ರೆ ಒಂದೇ ಅನುಮತಿಯಲ್ಲಿ ಇಟ್ಟುಕೊಳ್ಳುವಂತೆ ಮಾಡಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶದಲ್ಲಿ ಒಂದು ಮಾತ್ರೆಗಾಗಿ ಘಟ್ಟ ಇಳಿದು ಹೋಗಬೇಕಾದದ್ದು ವಿಚಿತ್ರವೇ ಸರಿ, ಆದರೆ ಸದ್ಯದ ದಾರಿ ಅದೇ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ, ಮಣಿಪಾಲದಲ್ಲೋ, ಬೆಂಗಳೂರಿನ ಕಿದ್ವಾಯಿಯಲ್ಲೋ ಚಿಕಿತ್ಸೆ ನಡೆಯುತ್ತಿದ್ದರೆ ಕ್ಯಾನ್ಸರ್ ವಿಭಾಗ, ನೋವು ಚಿಕಿತ್ಸೆ ಅಥವಾ ಪ್ಯಾಲಿಯೇಟಿವ್ ಕೇರ್ (ನೋವು, ನರಳಾಟ ಕಡಿಮೆ ಮಾಡುವ ಆರೈಕೆ) ವಿಭಾಗದವರನ್ನೇ ಕೇಳಿ: ‘ನಮ್ಮ ಊರಿಗೆ ಹತ್ತಿರದಲ್ಲಿ ಮಾರ್ಫಿನ್ ಎಲ್ಲಿ ಸಿಗುತ್ತದೆ, ಯಾವ ವಾರ, ರೋಗಿಯನ್ನು ಕರೆತರಬೇಕೋ, ಮನೆಯವರು ಚೀಟಿ ತಂದರೆ ಸಾಕೋ?’ ಹೊರಡುವ ಮೊದಲು ಫೋನ್ ಮಾಡಿ ದಾಸ್ತಾನು ಇದೆಯೇ ಎಂದು ಕೇಳಿಕೊಳ್ಳಿ. ಆಸ್ಪತ್ರೆಯ ಫೈಲ್, ಹಿಂದಿನ ಚೀಟಿ, ರೋಗಿಯ ಮತ್ತು ತರಲು ಹೋಗುವವರ ಗುರುತಿನ ಚೀಟಿ, ಉಳಿದ ಮಾತ್ರೆಯ ಲೆಕ್ಕ ಕೈಯಲ್ಲಿರಲಿ.

ಮಳೆಗಾಲದ ಲೆಕ್ಕ ಬೇರೆ ಹಾಕಬೇಕು. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ರಸ್ತೆ ಮೇಲೆ ಮರ, ಸಂಕದ ಮೇಲೆ ನೀರು, ಬಸ್ಸಿಲ್ಲ, ಫೋನಿಲ್ಲ. ದಿನಕ್ಕೆ ಆರು ಮಾತ್ರೆ, ಮಧ್ಯೆ ಬೇಕಾಗಬಹುದಾದ ಹೆಚ್ಚಿನವು ಮೂರು ಎಂದುಕೊಂಡರೆ ಹತ್ತು ದಿನಕ್ಕೆ 90 ಮಾತ್ರೆ. ಬೇಸಿಗೆಯಲ್ಲಿ ಏಳು ದಿನದ್ದು ಉಳಿದಿರುವಾಗಲೇ ಮತ್ತೆ ತರಲು ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತು ದಿನದ್ದು ಉಳಿದಿರುವಾಗಲೇ ಹೊರಡಿ. ಮಾತ್ರೆ ಮುಗಿದು ಎರಡು ದಿನ ಸಿಗದೇ ಹೋದರೆ ನೋವು ಮರಳುವುದಷ್ಟೇ ಅಲ್ಲ, ಮೈ ಆ ಔಷಧಿಗೆ ಒಗ್ಗಿರುವುದರಿಂದ ಬೆವರು, ಭೇದಿ, ನಡುಕ ಎಲ್ಲ ಒಟ್ಟಿಗೆ ಬರುತ್ತವೆ.

ಗಡಿಯಾರ ನೋಡಿ ಕೊಡುವುದು

ಮಾರ್ಫಿನ್ ಮಾತ್ರೆಯಲ್ಲಿ ಎರಡು ಜಾತಿ. ಸಾದಾ ಮಾತ್ರೆ, ಸಾಮಾನ್ಯವಾಗಿ 10 ಮಿಲಿಗ್ರಾಂ: ಅರ್ಧ ಗಂಟೆಯಲ್ಲಿ ಹಿಡಿಯುತ್ತದೆ, ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುವ ಮಾತ್ರೆಯ ಹೆಸರಿನ ಪಕ್ಕ ಎಸ್‌ಆರ್ ಎಂದಿರುತ್ತದೆ, ಹನ್ನೆರಡು ಗಂಟೆಗೊಮ್ಮೆ ಕೊಡುವಂಥದ್ದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಎಸ್‌ಆರ್ ಮಾತ್ರೆಯನ್ನು ಅರೆಯಬಾರದು, ಜಗಿಯಬಾರದು. ಅರೆದರೆ ಹನ್ನೆರಡು ಗಂಟೆಗೆ ಹಂಚಿಕೆಯಾಗಬೇಕಾದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುತ್ತದೆ, ಉಸಿರು ನಿಲ್ಲುವ ಅಪಾಯ ಬರುವುದು ಇಲ್ಲೇ. ಎಲೆಅಡಿಕೆ, ಹೊಗೆಸೊಪ್ಪಿನ ನಾಡಾದ ನಮ್ಮಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಕಡಿಮೆಯೇನಲ್ಲ. ನುಂಗಲಾಗದವರಿಗೆ, ಮೂಗಿನ ನಳಿಗೆ ಹಾಕಿದವರಿಗೆ ಸಾದಾ ಮಾತ್ರೆಯನ್ನು ಮಾತ್ರ ಪುಡಿ ಮಾಡಿ, ನೀರಲ್ಲಿ ಕರಗಿಸಿ ಕೊಟ್ಟು, ಹಿಂದೆಯೇ 20–30 ಮಿಲಿ ನೀರು ಬಿಟ್ಟು ನಳಿಗೆ ತೊಳೆಯಬೇಕು. ನಳಿಗೆ ಇದೆಯೆಂದು ಡಾಕ್ಟರಿಗೆ ನೆನಪಿಸಿ, ಬರೆಯುವಾಗಲೇ ಸಾದಾ ಮಾತ್ರೆ ಬರೆಯಲಿ.

ಸಾಮಾನ್ಯವಾಗಿ ಶುರುವಾಗುವುದು ನಾಲ್ಕು ಗಂಟೆಗೊಮ್ಮೆ 5ರಿಂದ 10 ಮಿಲಿಗ್ರಾಂ. ಮೈ ಇಳಿದ ವಯಸ್ಸಾದವರಿಗೆ 2.5 ಮಿಲಿಗ್ರಾಂನಿಂದ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಕ್ಯಾಲೆಂಡರಿನ ಪಕ್ಕ ಬರೆದು ಅಂಟಿಸಿ. ರಾತ್ರಿ 2ಕ್ಕೆ ಎಬ್ಬಿಸುವುದು ತಪ್ಪಲೆಂದು ರಾತ್ರಿ 10ಕ್ಕೆ ಎರಡು ಪಟ್ಟು ಕೊಡಲು ಕೆಲವು ಡಾಕ್ಟರು ಹೇಳುತ್ತಾರೆ. ಅವರು ಹೇಳಿದ್ದರೆ ಮಾತ್ರ. ಆಗ 10 ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ ಹಗಲಿನ ನಾಲ್ಕು ಸಲದ 40, ರಾತ್ರಿಯ 20 ಸೇರಿ ದಿನಕ್ಕೆ 60. ನೋವಿಲ್ಲ ಎಂದು ಹೊತ್ತು ತಪ್ಪಿಸಬೇಡಿ. ನೋವಿಲ್ಲದಿರುವುದು ಹಿಂದಿನ ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ಹೊತ್ತು ಮೀರಿ ಮರೆತಿದ್ದರೆ ನೆನಪಾದಾಗ ಕೊಡಿ, ಮುಂದಿನದನ್ನು ಅಲ್ಲಿಂದ ನಾಲ್ಕು ಗಂಟೆಗೆ. ತಪ್ಪಿದ್ದಕ್ಕೆಂದು ಎರಡು ಸೇರಿಸಿ ಕೊಡುವುದು ಬೇಡ. ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾಗಿ ಮಾತ್ರೆ ಕಣ್ಣಿಗೇ ಕಂಡರೆ ಇನ್ನೊಂದು ಕೊಡಬಹುದು. ಕಾಣದಿದ್ದರೆ ಮುಂದಿನ ಹೊತ್ತಿನವರೆಗೆ ಕಾಯಿರಿ.

ಮಧ್ಯೆ ನೋವು ಏಕಾಏಕಿ ಎದ್ದರೆ ಕೊಡಲೆಂದು ಒಂದು ಹೆಚ್ಚಿನ ಪ್ರಮಾಣ ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ದಿನದ ಒಟ್ಟು ಮಾರ್ಫಿನ್‌ನ ಆರನೇ ಒಂದು ಭಾಗ: ದಿನಕ್ಕೆ 60 ಆದರೆ ಒಂದು ಸಲಕ್ಕೆ 10. ಕೊಟ್ಟು ಒಂದು ಗಂಟೆ ನೋಡಿ. ಅದನ್ನು ಕೊಟ್ಟೆವೆಂದು ಹೊತ್ತಿನ ಮಾತ್ರೆ ಬಿಡಬೇಡಿ, ಅದು ಅದರ ಹೊತ್ತಿಗೇ ನಡೆಯಲಿ. ಸ್ನಾನ ಮಾಡಿಸುವ, ಗಾಯ ಕಟ್ಟುವ ಅರ್ಧ ಗಂಟೆ ಮೊದಲು ಇದನ್ನೇ ಕೊಡಬಹುದೇ ಎಂದು ಕೇಳಿಟ್ಟುಕೊಳ್ಳಿ, ಬಹಳ ಉಪಯೋಗಕ್ಕೆ ಬರುತ್ತದೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಹೊತ್ತಿನ ಪ್ರಮಾಣ ಸಾಲುತ್ತಿಲ್ಲ, ಡಾಕ್ಟರಿಗೆ ತಿಳಿಸಿ.

ಇದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ಬೇಕು. ಪುಟಕ್ಕೊಂದು ದಿನ, ಐದು ಕಾಲಂ: ಹೊತ್ತು, ಏನು ಕೊಟ್ಟಿದ್ದು, ಕೊಡುವ ಮೊದಲು ನೋವು, ಒಂದು ಗಂಟೆ ಆದ ಮೇಲೆ ನೋವು, ಉಳಿದ ಮಾತ್ರೆ. ಕೊಟ್ಟವರ ಸಹಿ ಕೊನೆಯಲ್ಲಿ. ಮಗಳು ಕೊಟ್ಟದ್ದು ಸೊಸೆಗೆ ಗೊತ್ತಿಲ್ಲದೆ ಇಬ್ಬರೂ ಕೊಡುವ ಎಡವಟ್ಟು ಇದರಿಂದಲೇ ತಪ್ಪುವುದು. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯಿರಿ ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಹಿರಿಯರಿಗೆ ಅದು ತಲೆಗೆ ಹೋಗುವುದಿಲ್ಲ. ‘ಹದಿನಾರಾಣೆಯಲ್ಲಿ ಎಷ್ಟಾಣೆ ನೋವು ಉಳಿದಿದೆ ಅಜ್ಜಿ?’ ಎಂದು ಕೇಳಿ ನೋಡಿ. ‘ನಾಕಾಣೆ ಇದೆ ಮಾರಾಯ’ ಎಂದು ಸ್ಪಷ್ಟ ಉತ್ತರ ಬರುತ್ತದೆ. ಅದನ್ನೇ ಬರೆಯಿರಿ, ಡಾಕ್ಟರಿಗೂ ಅರ್ಥವಾಗುತ್ತದೆ.

ಹೊಟ್ಟೆ ಕಟ್ಟುವುದು

ಮಾರ್ಫಿನ್ ಬಿಟ್ಟವರಲ್ಲಿ ಬಹಳ ಮಂದಿ ಬಿಟ್ಟದ್ದು ಇದರ ಕಾರಣಕ್ಕೆ. ವಾಂತಿ, ಮಂಪರು ಕೆಲವು ದಿನಕ್ಕೆ ಮೈಗೆ ಒಗ್ಗುತ್ತವೆ. ಕರುಳು ಮಾತ್ರ ಒಗ್ಗುವುದಿಲ್ಲ. ಕರುಳಿನ ಗೋಡೆಯಲ್ಲೂ ಈ ಔಷಧಿ ಹಿಡಿಯುವ ಜಾಗಗಳಿರುವುದರಿಂದ ಅದರ ಚಲನೆ ನಿಧಾನವಾಗುತ್ತದೆ, ಮಲದಲ್ಲಿನ ನೀರೆಲ್ಲ ಹೀರಿ ಕಲ್ಲಾಗುತ್ತದೆ. ಆದ್ದರಿಂದ ಮಾರ್ಫಿನ್‌ನ ಮೊದಲ ಮಾತ್ರೆಯ ದಿನವೇ ಭೇದಿ ಮಾತ್ರೆಯೂ (ಮಲ ಸಲೀಸಾಗಿ ಹೋಗುವಂತೆ ಮಾಡುವ ಮಾತ್ರೆ) ಶುರುವಾಗಬೇಕು: ರಾತ್ರಿ ಬಿಸಾಕೊಡಿಲ್ 5 ಮಿಲಿಗ್ರಾಂನ ಒಂದು ಅಥವಾ ಎರಡು, ಇಲ್ಲವೇ ಸೋನಾಮುಖಿಯಿಂದ ಮಾಡಿದ ಮಾತ್ರೆ, ಬೇಕಾದರೆ ಜೊತೆಗೆ ಲ್ಯಾಕ್ಟುಲೋಸ್ ಸಿರಪ್. ಚೀಟಿಯಲ್ಲಿ ಇದು ಇಲ್ಲದಿದ್ದರೆ ಕೌಂಟರ್ ಬಿಡುವ ಮೊದಲು ಕೇಳಿ. ಇಸಬ್‌ಗೋಲ್ ಬೇಡ, ನೀರು ಕಡಿಮೆ ಕುಡಿಯುವ ರೋಗಿಯ ಹೊಟ್ಟೆಯಲ್ಲಿ ಅದು ಉಂಡೆಗಟ್ಟಿ ಇನ್ನಷ್ಟು ಅಡ್ಡ ಕೂರುತ್ತದೆ. ಬಾಳೆಹಣ್ಣು, ಬಿಸಿನೀರು ಒಳ್ಳೆಯದೇ, ಆದರೆ ಅಷ್ಟರಿಂದ ಆಗುವ ಕೆಲಸವಲ್ಲ.

ಮೂರು ದಿನ ಹೊರಗೆ ಹೋಗದಿದ್ದರೆ ತಡ ಮಾಡದೆ ಫೋನ್ ಮಾಡಿ. ಇಲ್ಲೊಂದು ಮೋಸವಿದೆ. ನಾಲ್ಕೈದು ದಿನ ಏನೂ ಇಲ್ಲದೆ ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ನೀರಾಗಿ ಹೋಗತೊಡಗಿದರೆ ಅದು ಭೇದಿಯಲ್ಲ. ಒಳಗೆ ಗಟ್ಟಿಯಾಗಿ ಕೂತದ್ದರ ಪಕ್ಕದಿಂದ ಸೋರುವ ನೀರು. ‘ಭೇದಿ ಆಗ್ತಾ ಇದೆ’ ಎಂದು ಭೇದಿ ನಿಲ್ಲಿಸುವ ಲೋಪೆರಮೈಡ್ ತಂದು ಕೊಟ್ಟರೆ ಕರುಳು ಪೂರಾ ನಿಲ್ಲುತ್ತದೆ. ಆ ಲೋಪೆರಮೈಡ್ ಕೂಡ ಇದೇ ಒಪಿಯಾಯ್ಡ್ ಕುಲದ್ದು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾಗಿದ್ದರೆ ಭೇದಿ ಮಾತ್ರೆಯನ್ನೂ ಕೊಡಬೇಡಿ. ಅದು ಕರುಳು ಕಟ್ಟಿಕೊಂಡ ಲಕ್ಷಣ, ಆಸ್ಪತ್ರೆಗೇ ಹೋಗಬೇಕು.

ಮೊದಲ ವಾರದ ಓಕರಿಕೆಗೆ ಮೆಟೊಕ್ಲೊಪ್ರಮೈಡ್ ಬರೆಯುತ್ತಾರೆ, ಕೆಲವೊಮ್ಮೆ ಹ್ಯಾಲೊಪೆರಿಡಾಲ್ ಸಣ್ಣ ಪ್ರಮಾಣದಲ್ಲಿ. ಎರಡನೆಯದನ್ನು ನೋಡಿ ಯಾರಾದರೂ ‘ಇದು ಹುಚ್ಚಿನ ಮಾತ್ರೆ’ ಎಂದು ಹೆದರಿಸಿದರೆ ಕಿವಿಗೊಡಬೇಡಿ, ಅದು ವಾಂತಿಗೂ ಒಳ್ಳೆಯ ಔಷಧಿ. ಮೊದಲ ಎರಡು ಮೂರು ದಿನದ ನಿದ್ರೆ ಎಷ್ಟೋ ಸಲ ನೋವಿನಿಂದ ತಪ್ಪಿದ್ದ ನಿದ್ರೆಯೇ. ಕರೆದರೆ ಎದ್ದು, ಸರಿಯಾಗಿ ಮಾತಾಡಿ ಮತ್ತೆ ಮಲಗಿದರೆ ಅಂಜಬೇಕಿಲ್ಲ. ತುರಿಕೆ, ಬಾಯಿ ಒಣಗುವುದು, ಮೂತ್ರ ಕಟ್ಟುವುದು ಕೂಡ ಬರಬಹುದು. ಮೂತ್ರ ಕಟ್ಟಿ ಕಿಬ್ಬೊಟ್ಟೆ ಉಬ್ಬಿದ್ದರೆ ಅವತ್ತೇ ತೋರಿಸಿ. ಶುರು ಮಾಡಿದ ಮತ್ತು ಪ್ರಮಾಣ ಏರಿಸಿದ ಮೊದಲ ವಾರ ಬೈಕು ಓಡಿಸುವುದು, ಮರ ಹತ್ತುವುದು, ಮೆಷಿನ್ ಕತ್ತಿಯ ಕೆಲಸ ಬೇಡ.

ಕಿಡ್ನಿ ಕೆಟ್ಟವರಲ್ಲಿ

ಮಾರ್ಫಿನ್ ಲಿವರಿನಲ್ಲಿ ಬದಲಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ಸೋತಿದ್ದರೆ ಅದರ ಬಲವಾದ ಅಂಶಗಳು ಮೈಯಲ್ಲೇ ಕೂಡುತ್ತ ಹೋಗಿ, ಮೊದಲು ಸರಿಯಿದ್ದ ಪ್ರಮಾಣವೇ ಹೆಚ್ಚಾಗಿಬಿಡುತ್ತದೆ. ಕೈಕಾಲು ಇದ್ದಕ್ಕಿದ್ದಂತೆ ಎಗರುವುದು, ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಹೆಸರು ಮರೆಯುವುದು ಇದರ ಗುರುತು. ಶುಗರ್ ಹಳೆಯದಾಗಿದ್ದರೆ, ಹಿಂದೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ಹೇಳುವ ಅಳತೆ) ಹೆಚ್ಚು ಬಂದಿದ್ದರೆ ಮೊದಲೇ ಹೇಳಿ. ಅಂಥವರಿಗೆ ಫೆಂಟಾನಿಲ್, ಬ್ಯುಪ್ರೆನಾರ್ಫಿನ್‌ನಂಥವು ಹೆಚ್ಚು ಸುರಕ್ಷಿತ. ಎರಡು ದಿನ ವಾಂತಿಭೇದಿಯಾಗಿ ಮೂತ್ರ ಕಡಿಮೆಯಾದರೂ ಇದೇ ತೊಂದರೆ. ಜೊತೆಗೆ ನೋವಿನ ಮಾತ್ರೆ ಡೈಕ್ಲೊಫೆನಾಕ್ ನುಂಗುತ್ತಿದ್ದರೆ ಕಿಡ್ನಿಗೆ ಇನ್ನೊಂದು ಪೆಟ್ಟು. ನಾಟಿ ಔಷಧಿ, ಕಷಾಯ ಕುಡಿಸುತ್ತಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ನಾಟಿ ಔಷಧಿ ಶುರು ಮಾಡಿದೆವೆಂದು ಮಾರ್ಫಿನ್ ಅನ್ನು ಒಂದೇ ದಿನಕ್ಕೆ ನಿಲ್ಲಿಸುವುದಂತೂ ಕೂಡದು.

ಪ್ಯಾಚ್ ಅಂಟಿಸುವ ಬಗೆ

ಫೆಂಟಾನಿಲ್ ಪ್ಯಾಚ್ ನೋಡಲು ಸಣ್ಣ ಟೇಪಿನ ತುಂಡು, ಕೆಲಸದಲ್ಲಿ ದೊಡ್ಡದು. ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಒಂದು ಪ್ಯಾಚ್ ಎಂದರೆ ದಿನಕ್ಕೆ ಕಡಿಮೆಯೆಂದರೂ 60 ಮಿಲಿಗ್ರಾಂ ಮಾರ್ಫಿನ್ ಮಾತ್ರೆಗೆ ಸಮ. ಹಾಗಾಗಿ ಒಪಿಯಾಯ್ಡ್ ಒಮ್ಮೆಯೂ ತೆಗೆದುಕೊಳ್ಳದವರಿಗೆ, ಆಪರೇಷನ್ ನೋವಿಗೆ, ‘ಅಮ್ಮನಿಗೆ ಒಳ್ಳೇದಾಯ್ತು, ನಿಮ್ಮ ಸೊಂಟಕ್ಕೂ ಹಚ್ಚಿ’ ಎಂದು ಪಕ್ಕದ ಮನೆಯವರಿಗೆ ಇದನ್ನು ಅಂಟಿಸಬಾರದು. ಜೀವ ಹೋಗುತ್ತದೆ.

ಎದೆಯ ಮೇಲ್ಭಾಗ, ತೋಳು ಅಥವಾ ಬೆನ್ನಿನ ಮೇಲ್ಭಾಗ ಆರಿಸಿ. ಕಿತ್ತುಹಾಕುವ ಅಭ್ಯಾಸವಿರುವ ರೋಗಿಗೆ ಬೆನ್ನೇ ಸರಿ. ಕೂದಲಿದ್ದರೆ ಕತ್ತರಿಯಿಂದ ಕತ್ತರಿಸಿ, ರೇಜರ್ ಹಾಕಿದರೆ ಗೀರಿದ ಚರ್ಮದಿಂದ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ. ಬರೀ ನೀರಿನಿಂದ ಒರೆಸಿ, ಪೂರ್ತಿ ಒಣಗಲಿ. ಸೋಪು, ಎಣ್ಣೆ, ಪೌಡರ್ ಬೇಡ. ಮೊದಲು ಹಳೆಯ ಪ್ಯಾಚ್ ತೆಗೆಯಿರಿ. ಹಳೆಯದನ್ನು ಮರೆತು ಹೊಸದನ್ನು ಹಾಕುವುದು ಆಗಾಗ ಆಗುವ ತಪ್ಪು, ಬೆನ್ನಿಗೆ ಹಾಕಿದಾಗ ಇನ್ನೂ ಸುಲಭವಾಗಿ ಆಗುತ್ತದೆ. ಕವರನ್ನು ಕೈಯಿಂದ ಹರಿದು, ಹಿಂಬದಿಯ ಹಾಳೆ ಸುಲಿದು, ಅಂಟಿನ ಭಾಗ ಮುಟ್ಟದೆ, ಹೊಸ ಜಾಗದಲ್ಲಿಟ್ಟು ಅಂಗೈಯಿಂದ ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಅಂಚು ಏಳುವಂತಿದ್ದರೆ ಸುತ್ತ ಮೆಡಿಕಲ್ ಟೇಪ್ ಹಾಕಬಹುದು. ತುಂಡು ಮಾಡಿ ಹಚ್ಚುವುದು ಬೇಡ. ದಿನ, ಹೊತ್ತು ನೋಟ್‌ಬುಕ್ಕಿನಲ್ಲಿ ಬರೆದು ಕೈ ತೊಳೆಯಿರಿ. ಬದಲಿಸುವುದು 72 ಗಂಟೆಗೆ: ಸೋಮವಾರ ಬೆಳಿಗ್ಗೆ 8ಕ್ಕೆ ಹಾಕಿದ್ದು ಗುರುವಾರ ಬೆಳಿಗ್ಗೆ 8ಕ್ಕೆ. ಹಿಡಿಯಲು 12ರಿಂದ 24 ಗಂಟೆ ಬೇಕು, ಅಲ್ಲಿಯವರೆಗೆ ಯಾವ ಮಾತ್ರೆ ಎಂದು ಕೇಳಿಕೊಳ್ಳಿ. ತೆಗೆದ ಮೇಲೂ ಸುಮಾರು ಒಂದು ದಿನ ಔಷಧಿ ಮೈಯಲ್ಲಿರುತ್ತದೆ. ಬ್ಯುಪ್ರೆನಾರ್ಫಿನ್ ಪ್ಯಾಚ್ ಆದರೆ ಸಾಮಾನ್ಯವಾಗಿ ಏಳು ದಿನ.

ಮಲೆನಾಡಿನಲ್ಲಿ ಪ್ಯಾಚಿಗೆ ದೊಡ್ಡ ಶತ್ರು ಬಿಸಿ. ಬಿಸಿ ತಾಗಿದರೆ ಚರ್ಮದಡಿಯ ರಕ್ತ ಓಡಾಟ ಹೆಚ್ಚಿ ಮೂರು ದಿನದ ಔಷಧಿ ಬೇಗ ಬೇಗ ಒಳಗೆ ಇಳಿಯುತ್ತದೆ. ಜಡಿಮಳೆಯ ಚಳಿಗೆ ಬಚ್ಚಲೊಲೆ ಮುಂದೆ ಕೂತು ಬೆನ್ನು ಕಾಯಿಸುವುದು, ಹಂಡೆಯ ಸುಡುನೀರು ಬೆನ್ನಿಗೆ ಹೊಯ್ಯುವುದು, ಬಿಸಿನೀರಿನ ಬ್ಯಾಗು, ಅಡಿಕೆ ಬೇಯಿಸುವ ಒಲೆಯ ಹತ್ತಿರ ಮಂಚ ಹಾಕುವುದು ಎಲ್ಲವೂ ಬೇಡ. ಉಗುರು ಬೆಚ್ಚಗಿನ ನೀರಿನ ಸ್ನಾನ ಪರವಾಗಿಲ್ಲ, ಎಣ್ಣೆ ಸ್ನಾನದಲ್ಲಿ ಪ್ಯಾಚ್ ಕಿತ್ತುಬರುತ್ತದೆ. ಜ್ವರವೂ ಒಂದು ಬಿಸಿಯೇ: ಡೆಂಗಿಯೋ, ಮಂಗನ ಕಾಯಿಲೆಯೋ, ಏನೇ ಆಗಲಿ, ಜ್ವರ 102 ದಾಟಿದರೆ ಡಾಕ್ಟರಿಗೆ ತಿಳಿಸಿ ಮಂಪರು ಹೆಚ್ಚುತ್ತಿದೆಯೇ ಎಂದು ನೋಡುತ್ತಿರಿ.

ಜೊತೆಗೂಡಿದರೆ ಕೆಡುವುದು

ನಿದ್ರೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಮ್, ಕ್ಲೋನಜೆಪಮ್, ಡಯಾಜೆಪಮ್, ಹೆಂಡ, ಸಾರಾಯಿ, ಮಂಪರು ತರುವ ಕೆಮ್ಮಿನ ಸಿರಪ್. ಇವೆಲ್ಲ ಮಾರ್ಫಿನ್‌ನಂತೆಯೇ ಮಿದುಳಿನ ಉಸಿರಾಟದ ಭಾಗವನ್ನು ಮಂದ ಮಾಡುತ್ತವೆ. ಬಿಡಿಬಿಡಿಯಾಗಿ ತಡೆಯುವ ಮೈ ಎರಡು ಕೂಡಿದಾಗ ತಡೆಯುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಜೊತೆಗೂ ಎಚ್ಚರ ಬೇಕು, ಡಾಕ್ಟರು ಲೆಕ್ಕ ಹಾಕಿ ಬರೆದಿದ್ದರೆ ಸರಿ. ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು, ಹಳೆಯ ಶ್ವಾಸಕೋಶದ ಕಾಯಿಲೆಯವರು ಇದನ್ನು ಮೊದಲೇ ಹೇಳಬೇಕು.

ಟ್ರಮಡಾಲ್‌ಗೆ ಬೇರೆಯದೇ ಕೊಂಕುಗಳಿವೆ. 2018ರಿಂದ ಅದೂ ಮಾದಕ ವಸ್ತು ಕಾಯ್ದೆಯ ಕೆಳಗಿದೆ, ಚೀಟಿಯಿಲ್ಲದೆ ಕೇಳಬೇಡಿ. ದಿನಕ್ಕೆ 400 ಮಿಲಿಗ್ರಾಂ ಅದರ ಮೇಲಿನ ಮಿತಿ, 75 ದಾಟಿದವರಿಗೆ 300. ಅಪಸ್ಮಾರವಿದ್ದವರಿಗೆ ಫಿಟ್ಸ್ ಬರಿಸುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಬೆವರು, ನಡುಕ, ಜ್ವರ, ಗಾಬರಿ ತರುತ್ತದೆ. ಇನ್ನೊಂದು, ಅದು ಪ್ಯಾರಸಿಟಮಾಲ್ ಬೆರೆತೇ ಬರುವುದು ಹೆಚ್ಚು. ಟ್ರಮಡಾಲ್ 37.5, ಪ್ಯಾರಸಿಟಮಾಲ್ 325 ಇರುವ ಮಾತ್ರೆ ದಿನಕ್ಕೆ ನಾಲ್ಕು, ಜೊತೆಗೆ ಜ್ವರಕ್ಕೆಂದು 650ರ ಮಾತ್ರೆ ನಾಲ್ಕು ನುಂಗಿದರೆ ಪ್ಯಾರಸಿಟಮಾಲ್ ಒಟ್ಟು 3900 ಮಿಲಿಗ್ರಾಂ. ಗಟ್ಟಿಮುಟ್ಟಾದವರಿಗೇ 4000 ಅಂಚು. ಸಣಕಲಾದವರಿಗೆ, ಲಿವರ್ ಕೆಟ್ಟವರಿಗೆ, ಕುಡಿಯುವವರಿಗೆ ಅಷ್ಟು ವಿಷ. ಇನ್ನು ಕೋಡೀನ್ ಮೈಯೊಳಗೆ ಹೋಗಿ ಮಾರ್ಫಿನ್ ಆಗುತ್ತದೆ, ಕೆಲವರಲ್ಲಿ ಬಹಳ ಬೇಗ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಎದೆಹಾಲು ಕುಡಿಸುವ ತಾಯಿಗೆ ಕೊಡಬಾರದು.

ಉಸಿರು ನಿಧಾನವಾದರೆ

ಪ್ರಮಾಣ ಮೀರಿದ ಗುರುತು ಮೂರು: ಎಬ್ಬಿಸಿದರೂ ಏಳದಿರುವುದು, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಮಾರ್ಫಿನ್ ತೆಗೆದುಕೊಳ್ಳುವ ಎಲ್ಲರ ಪಾಪೆಯೂ ಸ್ವಲ್ಪ ಚಿಕ್ಕದಿರುತ್ತದೆ, ಅದೊಂದನ್ನೇ ನೋಡಿ ಗಾಬರಿ ಬೇಡ. ಉಸಿರನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ತುಟಿ, ಉಗುರು ನೀಲಿಯಾಗಿದೆಯೇ, ಗೊರಗೊರ ಶಬ್ದ ಬರುತ್ತಿದೆಯೇ ನೋಡಿ.

ಭುಜ ಅಲುಗಿಸಿ ಜೋರಾಗಿ ಹೆಸರು ಕರೆಯಿರಿ. 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಯಾವ ದಿಬ್ಬಕ್ಕೆ ಓಡಬೇಕು, ಯಾರ ಜೀಪು ಸಿಗುತ್ತದೆ ಎಂಬುದನ್ನು ಮಾರ್ಫಿನ್ ತಂದ ದಿನವೇ ಗೊತ್ತುಮಾಡಿಕೊಂಡಿರಬೇಕು. ಪ್ಯಾಚ್ ಇದ್ದರೆ ಕಿತ್ತು ತೆಗೆಯಿರಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿಯಾದರೂ ಗಂಟಲಿಗೆ ಹೋಗದಂತೆ. ಉಸಿರು ನಿಂತಿದ್ದರೆ ಅಥವಾ ಎಲ್ಲೋ ಒಂದೊಂದು ಏದುಸಿರು ಮಾತ್ರ ಇದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಐದು ಸೆಕೆಂಡಿಗೊಮ್ಮೆ ಬಾಯಿಂದ ಬಾಯಿಗೆ ಉಸಿರು ಕೊಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಕಾಫಿ ಹುಯ್ಯುವುದು, ತಣ್ಣೀರು ಎರಚುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇವೆಲ್ಲ ಹೊತ್ತುಗೇಡು, ಕುಡಿಸಿದ್ದು ಶ್ವಾಸಕೋಶಕ್ಕೂ ಹೋಗಬಹುದು. ಇದಕ್ಕೆ ಪ್ರತಿಮದ್ದು ನಾಲಾಕ್ಸೋನ್ ಇಂಜೆಕ್ಷನ್. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಟ್ಟಿದ್ದಾರೆಯೇ ಎಂದು ಮೊದಲೇ ಕೇಳಿಟ್ಟಿರಿ. ಅದರ ಪರಿಣಾಮ ಅರ್ಧದಿಂದ ಒಂದೂವರೆ ಗಂಟೆಯಷ್ಟೇ, ಮಾರ್ಫಿನ್ ಎಸ್‌ಆರ್ ಮತ್ತು ಪ್ಯಾಚ್‌ನದು ಅದಕ್ಕಿಂತ ಬಹಳ ಉದ್ದ. ಎಚ್ಚರವಾಯಿತೆಂದು ವಾಪಸು ಕರೆದುಕೊಂಡು ಬಂದರೆ ದಾರಿಯಲ್ಲೇ ಮತ್ತೆ ಉಸಿರು ಇಳಿಯಬಹುದು, ಆಸ್ಪತ್ರೆಯವರು ಇಟ್ಟುಕೊಂಡಷ್ಟು ಹೊತ್ತು ಇರಿ. ಮಾತ್ರೆ ಡಬ್ಬಿ, ನೋಟ್‌ಬುಕ್ ಜೊತೆಗೇ ಒಯ್ಯಿರಿ.

ಕಾಯಿಲೆ ಕೊನೆಗೆ ಬಂದವರಲ್ಲಿ ದಿನಗಟ್ಟಲೆ ಊಟ ನೀರು ಬಿಟ್ಟು, ಉಸಿರು ಹೆಚ್ಚು ಕಡಿಮೆ ಆಗುತ್ತ ನಡುನಡುವೆ ನಿಂತು ಹೋಗುವುದು ಕಾಯಿಲೆಯ ದಾರಿಯೇ. ಹೊತ್ತಿಗೆ ಕೊಟ್ಟ ಮಾತ್ರೆಯಿಂದಾಯಿತು ಎಂದು ಯಾರೂ ಕೊರಗಬೇಕಿಲ್ಲ. ಇಂಥ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ಪ್ಯಾಲಿಯೇಟಿವ್ ವಿಭಾಗದವರ ಹತ್ತಿರ ಮುಂಚೆ ಮಾತಾಡಿಡಿ.

ಚಟ, ಇಳಿಸುವುದು

ಎರಡು ವಾರಕ್ಕೂ ಮೀರಿ ತೆಗೆದುಕೊಂಡ ಯಾರ ಮೈಯಾದರೂ ಇದಕ್ಕೆ ಒಗ್ಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿ, ಭೇದಿ, ನಿದ್ರೆಗೇಡು. ಅದು ಚಟವಲ್ಲ, ಮೈಯ ಅಭ್ಯಾಸ. ನೋವಿಲ್ಲದಿದ್ದರೂ ಬೇಕೆನಿಸುವುದು, ದುಃಖಕ್ಕೆ, ನಿದ್ರೆಗೆ ನುಂಗುವುದು, ಮಾತ್ರೆ ಕಳೆಯಿತು ಎಂದು ಪದೇ ಪದೇ ಹೇಳಿ ಹೆಚ್ಚು ತರಿಸುವುದು, ಕೆಲಸ, ಮನೆ ಹಾಳಾದರೂ ಬಿಡಲಾಗದಿರುವುದು ಚಟ. ನೋವಿಗೆ ಸರಿಯಾಗಿ ಕೊಟ್ಟ ಕ್ಯಾನ್ಸರ್ ರೋಗಿಗಳಲ್ಲಿ ಇದು ಸಾಮಾನ್ಯವಲ್ಲ. ಹಿಂದೆ ಕುಡಿತ ಅಥವಾ ಬೇರೆ ನಶೆಯ ತೊಂದರೆ ಇದ್ದವರಲ್ಲಿ ಅಪಾಯ ಹೆಚ್ಚು, ಅಂಥವರ ಮಾತ್ರೆಯನ್ನು ಬೇರೊಬ್ಬರು ಎಣಿಸಿ ಕೊಡಲಿ. ರೇಡಿಯೇಶನ್ ಆಗಿ ನೋವು ಇಳಿದರೆ ಪ್ರಮಾಣವನ್ನೂ ಇಳಿಸುತ್ತಾರೆ, ಮೆಟ್ಟಿಲು ಮೆಟ್ಟಿಲಾಗಿ, ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಇನ್ನೂ ನಿಧಾನಕ್ಕೆ. ಮನೆಯ ಹುಡುಗರು ಟ್ರಮಡಾಲ್, ಟಪೆಂಟಡಾಲ್ ಹಿಡಿದಿದ್ದಾರೆ ಎಂಬ ಅನುಮಾನವಿದ್ದರೆ ಬೈದು ಬಡಿದು ಪ್ರಯೋಜನವಿಲ್ಲ. ಟೆಲಿ ಮಾನಸ್ 14416, ನಶಾಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಇದಕ್ಕೆ ಚಿಕಿತ್ಸೆಯಿದೆ, ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಇಡುವುದು, ಹಿಂದಿರುಗಿಸುವುದು

ದೇವರ ಗೂಡು, ಅಡುಗೆಮನೆ, ತಲೆದಿಂಬಿನಡಿ ಇವು ಜಾಗವಲ್ಲ. ಬೀಗವಿರುವ ಬೀರು ಅಥವಾ ಟ್ರಂಕು, ಬೀಗದ ಕೈ ಒಬ್ಬರ ಹತ್ತಿರ, ಇನ್ನೊಬ್ಬರಿಗೆ ಎಲ್ಲಿದೆಯೆಂದು ಗೊತ್ತಿರಲಿ. ಮಳೆಗಾಲದ ತೇವಕ್ಕೆ ಬಿಡಿ ಮಾತ್ರೆ ಬೂಸಲು ಹಿಡಿದು ಪುಡಿಯಾಗುತ್ತದೆ. ವಾರಕ್ಕಾಗುವಷ್ಟು ಬಿಡಿಸಿ ಇಡಬೇಡಿ. ಸ್ಟ್ರಿಪ್ಪಿನಲ್ಲೇ ಇರಲಿ, ಸ್ಟ್ರಿಪ್ಪು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ. ಅರ್ಧ ಮಾಡಿದ ತುಂಡು ಮುಂದಿನ ಹೊತ್ತಿಗೇ ಮುಗಿಯಲಿ. ಫ್ರಿಜ್ ಬೇಕಿಲ್ಲ.

ಮೂರು ದಿನ ಹಚ್ಚಿ ತೆಗೆದ ಪ್ಯಾಚಿನಲ್ಲೂ ಮಗುವನ್ನು ಕೊಲ್ಲುವಷ್ಟು ಔಷಧಿ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಮುಚ್ಚಳವಿರುವ ಡಬ್ಬಿಗೆ ಹಾಕಿ ಅದನ್ನೂ ಬೀಗದೊಳಗೇ ಇಡಿ, ಮುಂದಿನ ಸಲ ಆಸ್ಪತ್ರೆಗೆ ಒಯ್ಯಿರಿ. ಗೊಬ್ಬರಗುಂಡಿಗೆ ಎಸೆದರೆ ನಾಯಿ ಎಳೆದು ತರುತ್ತದೆ, ಅಂಗಳದಲ್ಲಿ ಆಡುವ ಮಗು ಟೇಪೆಂದು ಅಂಟಿಸಿಕೊಳ್ಳುತ್ತದೆ.

ರೋಗಿ ಗುಣವಾದರೂ, ತೀರಿಕೊಂಡರೂ ಉಳಿದ ಮಾತ್ರೆಯನ್ನು ಮುಂದೆ ಬೇಕಾಗಬಹುದೆಂದು ಇಟ್ಟುಕೊಳ್ಳಬೇಡಿ, ಅದೇ ಕಾಯಿಲೆಯ ಇನ್ನೊಬ್ಬರಿಗೂ ಕೊಡಬೇಡಿ. ತೀರಿಕೊಂಡ ಮನೆಯಲ್ಲಿ ನೆಂಟರಿಷ್ಟರು ತುಂಬಿರುತ್ತಾರೆ, ಡಬ್ಬಿಯತ್ತ ಯಾರ ಗಮನವೂ ಇರುವುದಿಲ್ಲ. ಆ ದಿನವೇ ಎಣಿಸಿ ಬೀಗ ಹಾಕುವ ಕೆಲಸ ಒಬ್ಬರು ವಹಿಸಿಕೊಳ್ಳಲಿ. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲಿ ಸ್ಟ್ರಿಪ್ಪು, ಬಳಸದ ಪ್ಯಾಚ್, ನೋಟ್‌ಬುಕ್ ಎಲ್ಲವನ್ನೂ ಕೊಟ್ಟ ಆಸ್ಪತ್ರೆಗೇ ಒಯ್ದು, ಎಷ್ಟು ಹಿಂದಿರುಗಿಸಿದಿರಿ ಎಂಬುದನ್ನು ಅವರ ರಿಜಿಸ್ಟರಿನಲ್ಲಿ ಬರೆಸಿ ಸಹಿ ಮಾಡಿ ಬನ್ನಿ.